ಪುಂಡಿಪಲ್ಯೆಯೊಳಗಿನ ಬೆಲ್ಲ

ಹೋದ ರವಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಸೊಸೆ ಶೈಲಾ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ ಪಕ್ಕದಲ್ಲಿ ಹುಳಿಸೊಪ್ಪಿನ ಪುಂಡಿಪಲ್ಯೆ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟೆ. ಮೊದಲು ಹುಳಿ, ಅದರ ಹಿಂದೆ ಬೆಳ್ಳುಳ್ಳಿ ಒಗ್ಗರಣೆ, ಅದರ ಹಿಂದೆ ಸದ್ದಿಲ್ಲದೆ ಬಂದು ಕೂತ ಬೆಲ್ಲ. ಎದುರಿಗೆ ಕೂತಿದ್ದ ಮಗ ಅಷ್ಟರಲ್ಲೇ ಕೇಳಿದ.

“ಅವ್ವಾ, ಖರೆ ಹೇಳು. ಮೂರು ವಾರದಿಂದ ಮಷೀನು ಜಾಸ್ತಿನ ತೋರಸಾಕತ್ತೇತಿ. ಹೊರಗ ಏನರ ತಿನ್ನಾಕತ್ತೀಯೇನು?”

ಮಷೀನು ಅಂದರೆ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಹೀರಿ ಅಂಕಿ ತೋರಿಸುತ್ತದಲ್ಲ, ಅದು. ಎಂಟು ವರ್ಷವಾಯಿತು ನನಗೆ ಸಕ್ಕರೆ ಕಾಯಿಲೆ ಅಂಟಿಕೊಂಡು. ನಾನು ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ.

“ಈ ಮನಿ ಬಿಟ್ಟು ಹೊರಗ ನಾ ಏನೂ ತಿಂದಿಲ್ಲಪಾ.”

ಮಾತು ಬಾಯಿಂದ ಬಿತ್ತು, ಎರಡನೆಯ ತುತ್ತು ಕೈಯಲ್ಲೇ ನಿಂತಿತು. ಆ ಮಾತು ನನ್ನದಲ್ಲ. ನಾಲ್ಕು ದಶಕಗಳಿಗೂ ಹಿಂದೆ, ಇದೇ ಬೆಟಗೇರಿಯ ಇನ್ನೊಂದು ಅಡುಗೆಮನೆಯಲ್ಲಿ, ಬೇರೆಯವರೊಬ್ಬರು ರೊಟ್ಟಿಯ ಮೇಲೆ ಕೈಯಿಟ್ಟು ಅಕ್ಷರ ಬಿಡದೆ ಆಡಿದ ಮಾತು. ಅದು ನನ್ನ ನಾಲಿಗೆಯ ಮೇಲೆ ಇಷ್ಟು ದಿನ ಎಲ್ಲಿ ಅಡಗಿತ್ತೋ. ತುತ್ತು ಕೈಯಲ್ಲೇ ಇರಲಿ, ಮಗನೂ ಸ್ವಲ್ಪ ಹೊತ್ತು ಕಾಯಲಿ. ನೀವು ನನ್ನ ಜೊತೆ ಆ ಮನೆಗೆ ಬನ್ನಿ. ದೂರವಿಲ್ಲ, ಇಲ್ಲಿಂದ ಹತ್ತು ನಿಮಿಷದ ದಾರಿ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹಮ್ಮಿಗಿಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಹಮ್ಮಿಗಿ ಅಂದರೆ ತುಂಗಭದ್ರೆಯ ದಂಡೆ, ಮುಂಡರಗಿ ದಾಟಿ ಹೋಗಬೇಕು. ಹೊಳೆಯ ಬಣ್ಣ ಬಿಟ್ಟರೆ ಬೇರೆ ಬಣ್ಣದ ವಿಚಾರ ಮಾಡಿದವಳಲ್ಲ ನಾನು. ಕನ್ಯೆ ನೋಡಲು ಬಂದಾಗ ಮಾವನ ಉಗುರುಗಳೆಲ್ಲ ನೀಲಿಯಾಗಿದ್ದವು. ಬಾಗಿಲ ಮರೆಯಲ್ಲಿ ನಿಂತು ಅದನ್ನು ನೋಡಿ, ಇವರಿಗೆ ಏನೋ ದೊಡ್ಡ ರೋಗವಿದೆ ಎಂದು ನಮ್ಮವ್ವನಿಗೆ ಪಿಸುಗುಟ್ಟಿದ್ದೆ. ಅವ್ವ ನನ್ನ ತೋಳು ಚಿವುಟಿ, ಅವರು ನೂಲಿಗೆ ಬಣ್ಣ ಹಾಕುವವರು ಎಂದು ತಿಳಿಸಿದಳು. ರೋಗವೂ ಇತ್ತು, ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಹಿತ್ತಿಲಲ್ಲಿ ತಗಡಿನ ಚಪ್ಪರ. ಅದರ ಕೆಳಗೆ ಎರಡು ದೊಡ್ಡ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಕುದಿಯುವ ಬಣ್ಣದ ನೀರಿನಲ್ಲಿ ನೂಲಿನ ಲಡಿಗಳನ್ನು ಕೋಲಿಗೆ ಇಳಿಬಿಟ್ಟು ಮಾವ ತಿರುಗಿಸುತ್ತಾ ನಿಂತರೆ ಸುತ್ತಲಿನ ಲೋಕ ಅವರಿಗೆ ಇರುತ್ತಿರಲಿಲ್ಲ. ಬೆಟಗೇರಿಯ ಮಗ್ಗಗಳಿಗೂ ಅವರದೇ ನೂಲು, ತಿಂಗಳಿಗೆರಡು ಸಲ ಬಸ್ಸು ಹತ್ತಿ ಶಿರಹಟ್ಟಿಯ ನೇಕಾರರಿಗೂ ಮುಟ್ಟಿಸಿ ಬರುತ್ತಿದ್ದರು. ನಮ್ಮವರಿಗೆ ಆ ಕೆಲಸ ಒಗ್ಗಲಿಲ್ಲ. ಅವರು ಗದಗಿನ ಛಾಪಖಾನೆಯೊಂದರಲ್ಲಿ ಅಕ್ಷರ ಜೋಡಿಸುತ್ತಿದ್ದರು. ತಂದೆಯ ಕೈ ಬಣ್ಣಬಣ್ಣ, ಮಗನ ಕೈ ಬರೀ ಕಪ್ಪು. ಇಬ್ಬರ ಅಂಗಿ ಒಗೆಯುವವಳು ನಾನು.

ಮಾವನಿಗೆ ಸಿಹಿ ಅಂದರೆ ಪ್ರಾಣ. ಚಹಾದ ಬಸಿಯ ತಳದಲ್ಲಿ ಕರಗದ ಸಕ್ಕರೆ ಕಾಣಬೇಕು. ಹೋಳಿಗೆಯಾದರೆ ಎಣಿಸುವಂತಿಲ್ಲ, ಮಾದಲಿಯಾದರೆ ಬಟ್ಟಲು ಸಾಲದು. ನಾನು ಬಂದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಅವರು ಸೊರಗತೊಡಗಿದರು. ಕೊಡಗಟ್ಟಲೆ ನೀರು ಕುಡಿಯುವರು, ಹಂಡೆಯ ಮುಂದೆ ನಿಂತಲ್ಲೇ ತೂಕಡಿಸುವರು. ಗದಗಿನ ಡಾಕ್ಟರರು ನೋಡಿ ಸಕ್ಕರೆ ಕಾಯಿಲೆ ಎಂದರು. ಸಕ್ಕರೆ ಪೂರ್ತಿ ಬಂದ್, ಅನ್ನ ಒಂದು ಹಿಡಿ, ಜೋಳದ ರೊಟ್ಟಿ ಲೆಕ್ಕದಲ್ಲಿ, ತಪ್ಪಲು ಅಂದರೆ ಸೊಪ್ಪಿನ ಪಲ್ಯೆ ಮಾತ್ರ ಬೇಕಾದಷ್ಟು ಎಂದು ಹೇಳಿ ಕಳಿಸಿದರು. ಗುಳಿಗೆಯನ್ನೂ ಕೊಟ್ಟಿದ್ದರು. ಆದರೆ ಅತ್ತೆಯ ಕಿವಿಗೆ ಬಿದ್ದದ್ದು ಕೊನೆಯ ಮಾತು. ಮನೆಗೆ ಬಂದವರೇ ಸಕ್ಕರೆಯ ಡಬ್ಬಿಯನ್ನು ತಮ್ಮ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು. ಅವತ್ತಿನಿಂದ ನಮ್ಮ ಮನೆಯಲ್ಲಿ ತಪ್ಪಲಿನ ರಾಜ್ಯ ಸುರುವಾಯಿತು.

ನಮ್ಮ ಸೀಮೆಯಲ್ಲಿ ಹಸಿ ತಪ್ಪಲು ತಿನ್ನುವುದು ಹೊಸದೇನಲ್ಲ. ರೊಟ್ಟಿಯ ಪಕ್ಕಕ್ಕೆ ಮೆಂತೆಯ ಎಳೆ ಸೊಪ್ಪು, ಉಳ್ಳಾಗಡ್ಡಿಯ ತಪ್ಪಲು, ಚಳಿಗಾಲ ಬಂದರೆ ಲಕ್ಕುಂಡಿ ಕಡೆಯ ಎರೆಹೊಲದಿಂದ ಹಕ್ಕರಕಿ. ಎಲೆಗೆ ಒಂದಿಷ್ಟು ಗುರೆಳ್ಳಿನ ಪುಡಿ, ಮೇಲೊಂದು ಮಿಳ್ಳೆ ಹಸಿ ಎಣ್ಣೆ, ಅಷ್ಟೇ. ಕುಸುಬಿಯ ಎಳೆ ತಪ್ಪಲು ಬೇಯಿಸುತ್ತೇವೆ, ಕಡಲೆಯ ಚಿಗುರು ಚಿವುಟಿ ತಂದು ಒಣಗಿಸಿಯೂ ಇಡುತ್ತೇವೆ. ಬೇರೆ ಕಡೆಯವರು ನಮ್ಮ ತಾಟು ನೋಡಿ, ಇದು ಮನುಷ್ಯರ ಊಟವೋ ಎಮ್ಮೆಯ ಮೇವೋ ಎಂದು ನಗುವುದನ್ನು ಕೇಳಿದ್ದೇನೆ. ನಗಲಿ. ಡಾಕ್ಟರರು ಚೀಟಿಯಲ್ಲಿ ಬರೆದುಕೊಡುವ ಎಷ್ಟೋ ಮುಂಚೆ ನಾವದನ್ನು ರುಚಿಗೆಂದೇ ತಿನ್ನುತ್ತಿದ್ದೆವು. ರುಚಿಗೆ ತಿನ್ನುತ್ತಿದ್ದುದನ್ನು ಔಷಧವೆಂದು ತಿನ್ನಿ ಅಂದ ಕೂಡಲೇ ಮಾವನಿಗೆ ಅದು ಬೇಡವಾಯಿತು ಎಂಬುದು ಬೇರೆ ಮಾತು.

ನಮ್ಮ ಓಣಿಗೆ ತಪ್ಪಲು ತರುತ್ತಿದ್ದವಳು ಮಾಬೂಬಿ. ಬಾಗವಾನರ ಪೈಕಿಯವಳು, ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಒದ್ದೆ ಗೋಣಿತಾಟು. ಕಟ್ಟು ಕೊಟ್ಟ ಮೇಲೆ ಕೊಸರು ಎಂದು ಒಂದು ಹಿಡಿ ಹೆಚ್ಚಿಗೆ ಹಾಕದೆ ಬುಟ್ಟಿ ಎತ್ತುತ್ತಿರಲಿಲ್ಲ. ಮಾವನ ಕಾಯಿಲೆಯ ಖಬರ ಕೇಳಿದ ದಿನ ಅವಳು ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಪುಂಡಿ ತಿನಸ್ರಿ ಅಕ್ಕಾರ. ಹುಳಿ ಇದ್ದಲ್ಲಿ ಸಿಹಿ ನಿಂದರೂದಿಲ್ಲ. ದಿನಾ ತಿನಸ್ರಿ, ಸಕ್ರಿ ತಾನ ಓಡ್ತೈತಿ.”

ಅತ್ತೆಗೆ ಇದು ಡಾಕ್ಟರರ ಮಾತಿಗಿಂತ ಸರಿಯೆನಿಸಿತು. ನನಗೂ ಅನಿಸಿತು, ಸುಳ್ಳೇಕೆ ಹೇಳಲಿ. ಸಿಹಿಯ ಕಾಯಿಲೆಗೆ ಹುಳಿಯ ಮದ್ದು. ಇದಕ್ಕಿಂತ ನೇರವಾದ ಲೆಕ್ಕ ಯಾವುದಿದೆ?

ಇನ್ನು ಆ ಗಾಜಿನ ನಳಿಗೆಯ ಕಥೆ ಹೇಳಬೇಕು. ಆಗ ಈಗಿನಂತೆ ಬೆರಳಿಗೆ ಚುಚ್ಚುವ ಮಷೀನು ಮನೆಮನೆಗೆ ಬಂದಿರಲಿಲ್ಲ. ಡಾಕ್ಟರರು ಒಂದು ಬಾಟಲಿ ನೀಲಿ ಔಷಧ, ಒಂದು ಗಾಜಿನ ನಳಿಗೆ, ಅದನ್ನು ಹಿಡಿಯಲು ಕಟ್ಟಿಗೆಯ ಚಿಮಟ, ಒಂದು ಸ್ಪಿರಿಟ್ ದೀಪ ಕೊಡಿಸಿದ್ದರು. ನೀಲಿ ಔಷಧಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಚೂರು ಇದೆ, ಹಳದಿಯಾದರೆ ಇನ್ನೂ ಇದೆ, ಕಿತ್ತಳೆಯಾದರೆ ಬಹಳ, ಇಟ್ಟಂಗಿಯ ಕೆಂಪಾದರೆ ದೇವರೇ ಗತಿ. ವಾರಕ್ಕೊಮ್ಮೆ, ಸೋಮವಾರ ಮುಂಜಾನೆ. ಮೂತ್ರ ಕುದಿಸುವ ಕೆಲಸ ಮನೆಯೊಳಗೆ ನಡೆಯಕೂಡದೆಂದು ಅತ್ತೆ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರಿಂದ ಅದು ಹಿತ್ತಿಲ ಚಪ್ಪರಕ್ಕೆ ಹೋಯಿತು.

ಬಣ್ಣಗಾರನ ಕೈಗೆ ಬಣ್ಣದ ಪರೀಕ್ಷೆ ಕೊಟ್ಟರೆ ಏನಾಗುತ್ತದೆ? ಮಾವ ಚೀಟಿ ನೋಡಿ ನಕ್ಕರು.

“ಹಳದಿ ಅಂತ ಬರದಾರ. ಯಾವ ಹಳದಿ? ಲಿಂಬಿಹಣ್ಣಿಂದೋ, ಕುಸುಬಿ ಹೂವಿಂದೋ?”

ಹೊಸ ಬಣ್ಣ ಕಲಸಿದಾಗಲೆಲ್ಲ ಒಂದು ಎಳೆ ನೂಲು ಅದ್ದಿ ಮಾದರಿಗೆಂದು ಕಟ್ಟಿಡುವುದು ಅವರ ರೂಢಿ. ಇದಕ್ಕೂ ಹಾಗೆಯೇ ಮಾಡಿದರು. ಸೋಮವಾರ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು, ತಮ್ಮ ತುಂಡುನೂಲಿನ ಚೀಲದಿಂದ ಅದೇ ಬಣ್ಣದ ಎಳೆ ಹುಡುಕುವುದು, ಚಪ್ಪರದ ಕಂಬದ ಮೊಳೆಯಿಂದ ಇಳಿಬಿದ್ದ ದಾರಕ್ಕೆ ಅದನ್ನು ಗಂಟು ಹಾಕುವುದು. ಒಂದರ ಕೆಳಗೆ ಒಂದು. ಡಾಕ್ಟರರ ಬಳಿ ಹೋಗುವಾಗ ಅದನ್ನೇ ಸುತ್ತಿ ಕಿಸೆಗೆ ಹಾಕಿಕೊಳ್ಳುವರು. ಡಾಕ್ಟರರಿಗೆ ಮೊದಲು ನಗು ಬಂದಿತ್ತಂತೆ, ಆಮೇಲೆ ಅವರೇ ದಾರ ಎಲ್ಲಿ ಎಂದು ಕೇಳತೊಡಗಿದರು.

ಮೊದಲ ಗಂಟು ಇಟ್ಟಂಗಿ ಕೆಂಪು. ಮೆಂತೆ, ರಾಜಗಿರಿ, ಸಬ್ಬಸಗಿ ತಿನ್ನುತ್ತ ಹೋದಂತೆ ಕಿತ್ತಳೆ, ಹಳದಿ. ಐದನೆಯದೋ ಆರನೆಯದೋ ವಾರ ನಳಿಗೆ ಹಸಿರಾಯಿತು. ಅತ್ತೆ ದೂರದಿಂದಲೇ ಬಗ್ಗಿ ನೋಡಿ, “ತಿಂದ ಪಲ್ಯೆ ಹಸರ ಹಸರ ಹೊರಗ ಬಂತು ನೋಡ್ರಿ” ಎಂದು ಕೈಮುಗಿದರು. ಎಲೆಯ ಹಸಿರಿಗೂ ನಳಿಗೆಯ ಹಸಿರಿಗೂ ಸಂಬಂಧವಿಲ್ಲ ಎಂದು ಮಾವ ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಅದೇ ಹೊತ್ತಿಗೆ ಪುಂಡಿ ಬರತೊಡಗಿತು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ಅತ್ತೆ, ಪಲ್ಯೆಯೂ ಅವರದೇ, ಸೋಸಿ ತೊಳೆದು ಕೊಡುವುದು ನಾನು. ಅವರು ಪುಂಡಿಯನ್ನು ಜೋಳದ ನುಚ್ಚು, ಕಡಲೆಬೇಳೆ, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದರು. ಹುಳಿಯೆಂದರೆ ಕಣ್ಣು ಮುಚ್ಚಿಹೋಗುವಂಥ ಹುಳಿ. ಕೀಲುನೋವಿಗೆ ಹುಳಿಯಾಗದೆಂದು ಅತ್ತೆ ಅದನ್ನು ಬಾಯಿಗೇ ಹಾಕುತ್ತಿರಲಿಲ್ಲ. ಮಾವ ಎರಡು ತುತ್ತು ತಿಂದು ಬಟ್ಟಲು ಸರಿಸುವರು. ನಮ್ಮವರ ಬುತ್ತಿಗೆ ಏನು ಕಟ್ಟಿದರೂ ಒಂದೇ, ಏನು ತಿಂದಿರಿ ಎಂದು ಸಂಜೆ ಕೇಳಿದರೆ ರೊಟ್ಟಿ ಅನ್ನುವರು.

ಒಂದು ದಿನ ಅತ್ತೆಗೆ ಜ್ವರ ಬಂದು ಅಡುಗೆ ನನ್ನ ಪಾಲಿಗೆ ಬಂತು. ನಾನು ಪುಂಡಿಪಲ್ಯೆಯನ್ನು ನಮ್ಮ ಹಮ್ಮಿಗಿಯ ಮನೆಯಂತೆ ಮಾಡಿದೆ. ಅಂದರೆ ಕೊನೆಗೆ ಒಂದು ಹೆಂಟೆ ಬೆಲ್ಲ ಜಜ್ಜಿ ಹಾಕಿದೆ. ಇದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ನಮ್ಮವ್ವನಿಗೆ ಪುಂಡಿಗೆ ಹಾಕುವ ಬೆಲ್ಲ ಸಿಹಿಯಲ್ಲ. ಉಪ್ಪು ಹೇಗೋ ಹಾಗೆ, ಹುಳಿ ಮುರಿಯಲು ಬೇಕಾದ ಒಂದು ಸಾಮಾನು. ಹೋಳಿಗೆಯಲ್ಲಿದ್ದರೆ ಸಿಹಿ, ಪಲ್ಯೆಯಲ್ಲಿದ್ದರೆ ಪಲ್ಯೆ. ಅತ್ತೆ ಸಕ್ಕರೆಗೆ ಕೀಲಿ ಹಾಕಿದ್ದರು ನಿಜ, ಆದರೆ ಬೆಲ್ಲದ ಗಡಿಗೆ ಉಪ್ಪಿನ ಗಡಿಗೆಯ ಪಕ್ಕದಲ್ಲೇ ತೆರೆದಿತ್ತು. ಯಾರೂ ನನಗೆ ಹಾಕು ಅನ್ನಲಿಲ್ಲ, ಹಾಕಬೇಡ ಅನ್ನಲೂ ಇಲ್ಲ. ತಪ್ಪಲಿನಲ್ಲಿ ಬೆಲ್ಲವಿರಬಹುದೆಂದು ಯಾರಿಗಾದರೂ ಹೊಳೆದರೆ ತಾನೆ!

ಮಾವ ಮೊದಲ ತುತ್ತು ಬಾಯಿಗಿಟ್ಟು ತಲೆಯೆತ್ತಿ ನನ್ನನ್ನು ನೋಡಿದರು. ಮೂರು ಸಲ ಹಾಕಿಸಿಕೊಂಡರು. ಹಾಸಿಗೆಯಲ್ಲಿದ್ದ ಅತ್ತೆಗೆ ಇದು ತಿಳಿದು ಜ್ವರವೇ ಅರ್ಧ ಇಳಿಯಿತು.

“ಇನ್ನ ಮ್ಯಾಲೆ ಪುಂಡಿ ನೀನ ಮಾಡವಾ. ನಿನ್ನ ಕೈಯಾಗಿಂದು ತಿಂತಾರ.”

ಹೊಸ ಸೊಸೆಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ? ನಾನು ಉಬ್ಬಿಹೋದೆ. ಎರಡು ಹೊತ್ತೂ ಪುಂಡಿ. ಅವರು ಇಷ್ಟಪಟ್ಟು ತಿನ್ನುತ್ತಾರೆಂದು ಹೆಂಟೆ ಸ್ವಲ್ಪ ದೊಡ್ಡದಾಯಿತು, ಆಮೇಲೆ ಇನ್ನೂ ಸ್ವಲ್ಪ. ಹುಳಿ ಸಕ್ಕರೆಯನ್ನು ಓಡಿಸಲಿ ಎಂದು ಅತ್ತೆ ಪುಂಡಿ ಕೊಳ್ಳುವರು, ಆ ಹುಳಿಯನ್ನು ಓಡಿಸಲು ನಾನು ಬೆಲ್ಲ ಹಾಕುವೆ. ಈಗ ನೆನೆದರೆ ನಗು ಬರುತ್ತದೆ. ಆಗ ನಗುವಂಥದ್ದಿರಲಿಲ್ಲ, ಏಕೆಂದರೆ ಮೊಳೆಯ ದಾರಕ್ಕೆ ಹಸಿರಿನ ಕೆಳಗೆ ಹಳದಿ ಬಂತು, ಹಳದಿಯ ಕೆಳಗೆ ಕಿತ್ತಳೆ, ಅದರ ಕೆಳಗೆ ಇಟ್ಟಂಗಿ.

ಆ ದಿನಗಳಲ್ಲೇ ಮಾವನ ಎಡಗಾಲಿನ ಬೆರಳಿಗೆ ಬಣ್ಣದ ಕುದಿನೀರು ಸಿಡಿದು ಬೊಬ್ಬೆ ಎದ್ದಿತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಕಾಲಿಗೆ ನೀರು ಹಾಕುವಾಗ ಕಂಡವರು ಅತ್ತೆ. ಬೊಬ್ಬೆ ಒಡೆದು ಗಾಯವಾಯಿತು, ಗಾಯ ಮಾಯಲಿಲ್ಲ. ಡಾಕ್ಟರರು ದಾರ ನೋಡಿದರು, ಕಾಲು ನೋಡಿದರು. ಸಕ್ಕರೆ ಇಳಿಯದೆ ಗಾಯ ಮಾಯುವುದಿಲ್ಲ, ಗಾಯ ಮಾಯದಿದ್ದರೆ ಬೆರಳು ತೆಗೆಯಬೇಕು, ತಡವಾದರೆ ಅದು ಬೆರಳಿಗೇ ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳಿದರು. ದಿನವಿಡೀ ಹಂಡೆಯ ಮುಂದೆ ನಿಂತು ದುಡಿಯುವ ಮನುಷ್ಯನಿಗೆ ಕಾಲು ಹೋದರೆ ಇನ್ನೇನು ಉಳಿಯಿತು?

ಅವತ್ತು ಮಧ್ಯಾಹ್ನ ಅತ್ತೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಕೂತಿದ್ದ ಮಾವನ ಕಡೆ ತಿರುಗಿದರು. ನಾನು ಒಲೆಯ ಬಳಿಯಿದ್ದೆ.

“ಶಿರಹಟ್ಟಿ ಬಸ್‌ಸ್ಟ್ಯಾಂಡಿನಾಗ ಜಿಲೇಬಿ ತಿಂದ್ರಿ, ಹೌದಿಲ್ಲೋ?”

“ಇಲ್ಲ.”

“ಇಲ್ಲಂದ್ರ ಈ ಕೆಂಪು ಎಲ್ಲಿಂದ ಬಂತ್ರಿ? ನಾವು ಹಾಕೂ ಪಲ್ಯೆದಾಗಿಂದ ಬಂತೇನು? ರೊಟ್ಟಿ ಮುಟ್ಟಿ ಹೇಳ್ರಿ.”

ಮಾವ ತಾಟಿನಲ್ಲಿದ್ದ ರೊಟ್ಟಿಯ ಮೇಲೆ ನೀಲಿ ಬೆರಳುಗಳನ್ನಿಟ್ಟರು. “ಈ ಮನಿ ಬಿಟ್ಟು ಹೊರಗ ನಾ ಏನೂ ತಿಂದಿಲ್ಲ.”

ಅತ್ತೆ ನಂಬಲಿಲ್ಲ. ಹೇಗೆ ನಂಬಿಯಾರು, ಗಂಡನ ಸಿಹಿಚಪಲ ಮೂವತ್ತು ವರ್ಷ ನೋಡಿದವರು. “ರೊಟ್ಟಿ ಮುಟ್ಟಿ ಸುಳ್ಳ ಹೇಳಿದ್ರಿ” ಎಂದು ಅಳುತ್ತ ಎದ್ದು ಹೋದರು. ನಾನೂ ನಂಬಲಿಲ್ಲ. ಪಾಪ, ಅತ್ತೆ ಇಷ್ಟು ಒದ್ದಾಡುತ್ತಾರೆ, ಈ ಮನುಷ್ಯ ಬಾಯಿ ಕಟ್ಟುವುದಿಲ್ಲವಲ್ಲ ಎಂದು ನನಗೂ ಸಿಟ್ಟು ಬಂತು. ಸಿಟ್ಟಿನಲ್ಲೇ ಅವರ ಬಟ್ಟಲಿಗೆ ಇನ್ನೊಂದು ಸೌಟು ಪಲ್ಯೆ ಹಾಕಿದೆ.

ಆಮೇಲೆ ಮಾಬೂಬಿ ಎರಡು ವಾರ ಬರಲಿಲ್ಲ. ಮಗಳ ಬಾಣಂತನಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ಬದಲಿಗೆ ಬಂದವನ ಗಾಡಿಯಲ್ಲಿ ಪುಂಡಿ ಇರುತ್ತಿರಲಿಲ್ಲ, ರಾಜಗಿರಿ ಮತ್ತು ಮೆಂತೆ ಮಾತ್ರ. ಅವಕ್ಕೆ ಹುಳಿಯಿಲ್ಲ, ಆದ್ದರಿಂದ ಬೆಲ್ಲವಿಲ್ಲ. ಮೊದಲ ಸೋಮವಾರ ಕೆಂಪು ತಿಳಿಯಾಯಿತು, ಎರಡನೆಯ ಸೋಮವಾರ ನಳಿಗೆ ಹಳದಿಗೆ ತಿರುಗಿತು, ಎಳೆ ಲಿಂಬೆಯ ಹಳದಿ. ಮಾಬೂಬಿ ಬಂದಳು, ಪುಂಡಿ ಬಂತು, ಮತ್ತೆ ಕೆಂಪು.

ಒಂದು ಮುಂಜಾನೆ ಚಪ್ಪರದ ಕಸ ಗುಡಿಸುವಾಗ ಆ ದಾರ ನನ್ನ ಮುಖಕ್ಕೆ ತಾಗಿತು. ಸರಿಸಲು ಹಿಡಿದವಳು ಸುಮ್ಮನೆ ಮೇಲಿನಿಂದ ಓದಿದೆ. ಇದು ಮೆಂತೆಯ ವಾರ, ಇದು ಸಬ್ಬಸಗಿಯದು. ಇಲ್ಲಿ ಅತ್ತೆಗೆ ಜ್ವರ. ಜ್ವರದ ಗಂಟಿನಿಂದ ಕೆಳಗೆ ಬಣ್ಣ ತಿರುಗಿತ್ತು. ಮಾಬೂಬಿ ಇಲ್ಲದ ಕಡೆ ಮಾತ್ರ ಎರಡು ಗಂಟು ತಿಳಿಯಾಗಿದ್ದವು. ಶಿರಹಟ್ಟಿಗೆ ಹೋದ ವಾರಗಳಿಗೂ ಕೆಂಪಿಗೂ ತಾಳೆಯೇ ಇರಲಿಲ್ಲ. ನನ್ನ ಕೈಯಿಂದ ಕಸಬರಿಗೆ ಬಿತ್ತು. ಹಾಕಿದ್ದ ಒಂದೊಂದು ಹೆಂಟೆಯೂ ಕಣ್ಣ ಮುಂದೆ ಬಂತು.

ಮಾವ ಅಲ್ಲೇ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಸ್ಟೂಲಿನ ಮೇಲೆ ಕೂತು ಲಡಿ ಬಿಡಿಸುತ್ತಿದ್ದರು. ನಾನು ದಾರವನ್ನು ಮೊಳೆಯಿಂದ ಬಿಚ್ಚಿ ಅವರ ಮುಂದೆ ಹಿಡಿದೆ.

“ಮಾವಾರ, ಪುಂಡಿಪಲ್ಯೆಕ್ಕ ನಾ ಬೆಲ್ಲಾ ಹಾಕ್ತಿದ್ದೆ.”

ಅವರು ತಲೆಯೆತ್ತಲಿಲ್ಲ. “ಗೊತ್ತೈತೆವ್ವಾ. ಮದಲನೇ ತುತ್ತಿಗೇ ಗೊತ್ತಾತು.”

“ಮತ್ತ ಯಾಕ ಹೇಳಲಿಲ್ರಿ?”

“ಹೇಳಿದ್ರ ನೀ ಬಿಡ್ತಿದ್ದಿ.” ಲಡಿಯ ಒಂದು ಸಿಕ್ಕು ಬಿಡಿಸಿದರು. “ಪಲ್ಯೆದಾಗಿನ ಬೆಲ್ಲ ಪಲ್ಯೆದ ಲೆಕ್ಕಕ್ಕ ಅಂತ ನಾನೂ ಅನಕೊಂಡಿದ್ದೆ. ಅದೊಂದ ಉಳದಿತ್ತ ನನಗ.”

ನಾನು ಅತ್ತೆಗೆ ಹೇಳುತ್ತೇನೆಂದು ಎದ್ದೆ. ಅವರು ಗಟ್ಟಿಯಾಗಿ, “ಕುಂಡ್ರು” ಎಂದರು. ಅವರು ನನಗೆ ದನಿಯೇರಿಸಿದ್ದು ಅದೊಂದೇ ಸಲ.

“ಆಕಿಗೆ ನನ್ನ ಮ್ಯಾಲೆ ಸಿಟ್ಟು ಬಂದ್ರ ಸಂಜಿಗೆ ಮರೀತಾಳ. ನಿನ್ನ ಮ್ಯಾಲೆ ಬಂದ್ರ ಜಲ್ಮಿಡೀ ಮರಿಯೂದಿಲ್ಲ. ನೀ ಇನ್ನೂ ಭಾಳ ವರ್ಷ ಈ ಮನ್ಯಾಗ ಬಾಳ್ವೆ ಮಾಡಾಕಿ. ಬೆಲ್ಲಾ ಬಿಡು, ಮಾತೂ ಇಲ್ಲಿಗೇ ಬಿಡು.”

ಬೆಲ್ಲ ಬಿಟ್ಟೆ. ಮಾತನ್ನೂ ಬಿಟ್ಟೆ. ಬೆಲ್ಲ ಬಿಟ್ಟದ್ದು ತಡವಾಗಿತ್ತು. ಬೆರಳು ಕಪ್ಪಾಗಿ ದವಾಖಾನೆಯಲ್ಲಿ ಅದನ್ನು ತೆಗೆದರು. ಕಾಲು ಉಳಿಯಿತು. ಹಕ್ಕರಕಿಯ ಕಾಲ ಬರುವ ಹೊತ್ತಿಗೆ ದಾರದಲ್ಲಿ ನೀಲಿ ಗಂಟು ಬಿತ್ತು. ಮಾವ ಆ ಎಳೆಯನ್ನು ಚೀಲದಲ್ಲಿ ಬಹಳ ಹೊತ್ತು ಹುಡುಕಿದ್ದು, ಬೇರೆಯವರಿಗೆ ಹತ್ತು ನೀಲಿ ಒಂದೇ ಕಂಡರೂ ತನಗೆ ಸರಿಯಾದದ್ದೇ ಬೇಕೆಂದು ಹಟ ಹಿಡಿದದ್ದು ನೆನಪಿದೆ. ಬೆಲ್ಲದಿಂದಲೇ ಬೆರಳು ಹೋಯಿತೆ ಎಂದು ಎಷ್ಟೋ ವರ್ಷಗಳ ಮೇಲೆ ಬೇರೊಬ್ಬ ಡಾಕ್ಟರರನ್ನು ಕೇಳಿದೆ. ಒಂದರಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರು. ಅದರಿಂದ ಅಲ್ಲ ಎಂದೂ ಅವರು ಹೇಳಲಿಲ್ಲ.

ಮಾವ ಆಮೇಲೆ ಹನ್ನೆರಡು ವರ್ಷ ಬದುಕಿದರು. ಒಂಬತ್ತು ಬೆರಳಿನ ಕಾಲುಗಳ ಮೇಲೆ ನಿಂತು ಬಣ್ಣ ಹಾಕಿದರು. ಆ ಹನ್ನೆರಡು ವರ್ಷವೂ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದುದು ಒಂದೇ. “ಕದ್ದು ಜಿಲೇಬಿ ತಿಂದ್ರು, ಬೆರಳ ಕಳಕೊಂಡ್ರು. ರೊಟ್ಟಿ ಮುಟ್ಟಿ ಸುಳ್ಳ ಹೇಳಿದ್ರು.” ಮಾವ ನಗುವರು. ನಾನು ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡುವೆ. ಸಂಜೆಗೆ ಮರೆಯುತ್ತಾಳೆ ಎಂದಿದ್ದರಲ್ಲ, ಆ ಲೆಕ್ಕ ಮಾತ್ರ ಅವರದು ತಪ್ಪಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾವ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ ಒಂದು ದಿನ ನಾನೂ ಅತ್ತೆಯೂ ಪಡಸಾಲೆಯಲ್ಲಿ ಪುಂಡಿ ಸೋಸುತ್ತ ಕೂತಿದ್ದೆವು. ಕಟ್ಟೆಯ ಮೇಲೆ ಮಾಬೂಬಿ. ಅವಳಿಗೂ ವಯಸ್ಸಾಗಿತ್ತು, ಕೊಸರು ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮಾವನ ಮಾತು ಬಂತು. ಅತ್ತೆ ಮತ್ತೆ ಜಿಲೇಬಿಯ ಕಥೆ ತೆಗೆದರು. ರೊಟ್ಟಿ ಮುಟ್ಟಿದಲ್ಲಿಗೆ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ಸತ್ತ ಮನುಷ್ಯನ ಮೇಲೆ ಇನ್ನೂ ಎಷ್ಟು ದಿನ? ಎಲ್ಲವನ್ನೂ ಹೇಳಿದೆ. ಹೆಂಟೆ, ದಾರ, ಚಪ್ಪರದ ಕೆಳಗಿನ ಮಾತು, ಎಲ್ಲ.

ಮಾಬೂಬಿ ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಹೋದಳು. ಅತ್ತೆ ಸೋಸುವುದನ್ನು ನಿಲ್ಲಿಸಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ. ಕಟ್ಟು ಪೂರ್ತಿ ಮುಗಿದ ಮೇಲೆ ಮಾತಾಡಿದರು.

“ಹನ್ನೆರಡ ವರ್ಷ ಬೈದೆ ನಾನು ಅವರನ್ನ. ಮಂದಿ ಮುಂದ ಸುಳ್ಳುಗಾರ ಅಂದೆ. ಅವ್ರು ನಕ್ಕೋತ ಹೋದ್ರು, ನೀ ಭಾಂಡಿ ತಿಕ್ಕೋತ ಉಳದಿ. ಇಬ್ಬರೂ ಕೂಡಿ ನನ್ನ ಕೆಟ್ಟಾಕಿನ್ನ ಮಾಡಿದ್ರಿ. ಅಂದ ಮಾತು ಈಗ ಯಾರ ಮುಂದ ವಾಪಸ್ ತಗೊಳ್ಳಲಿ?”

ಅತ್ತೆಗೆ ಬೆಲ್ಲದ ಮೇಲೆ ಸಿಟ್ಟಿರಲಿಲ್ಲ. ಎರಡು ಬೈಗುಳ ಬೈದು, ಎರಡು ದಿನ ಮಾತು ಬಿಟ್ಟು, ಆಮೇಲೆ ಗಂಡನ ಪಕ್ಕ ಕೂತು ತಪ್ಪಾಯಿತು ಅನ್ನುವ ಒಂದು ಅವಕಾಶವನ್ನು ನಾವು ಅವರಿಂದ ಕಸಿದುಕೊಂಡಿದ್ದೆವು. ಮಾವನದು ದೊಡ್ಡ ಮನಸ್ಸು, ಅದನ್ನು ಇಲ್ಲವೆನ್ನಲಾರೆ. ಆದರೆ ಆ ದೊಡ್ಡ ಮನಸ್ಸಿನ ಬೆಲೆ ತೆತ್ತವರು ಅತ್ತೆ.

ಅವತ್ತಿನಿಂದ ಅತ್ತೆ ಆ ಕಥೆ ಹೇಳುವುದನ್ನು ಬಿಟ್ಟರು. ನನ್ನ ಮೇಲೆ ಮುನಿಸನ್ನೂ ಇಟ್ಟುಕೊಳ್ಳಲಿಲ್ಲ. ಒಂದೇ ಒಂದು ಸಲ, ಒಲೆಯ ಮುಂದೆ ಕೂತವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಕೇಳಿದರು. “ನಾ ಮಾಡಿದ ಪುಂಡಿ ಹುಳಿ ಆಗತಿತ್ತೇನವಾ ಅವ್ರಿಗೆ?”

“ಇಲ್ರೀ ಅತ್ತಿಯಾರ, ಚೊಲೊ ಇರ್ತಿತ್ತು” ಎಂದೆ. ಅದೂ ಸುಳ್ಳೇ.

ಆ ದಾರ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಕೆಂಪು ಮಾಸಿ ಕಂದಾಗಿದೆ, ನೀಲಿ ಹಾಗೇ ಇದೆ.

ಬನ್ನಿ, ತುತ್ತು ಆರಿಹೋಗುತ್ತದೆ. ಮಗ ಇನ್ನೂ ನನ್ನ ಮುಖ ನೋಡುತ್ತಿದ್ದ. ಶೈಲಾ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಮುಂಡರಗಿಯ ಹುಡುಗಿ, ಬಂದು ಇನ್ನೂ ವರ್ಷವಾಗಿಲ್ಲ. ಪುಂಡಿಯಲ್ಲಿ ಬೆಲ್ಲವಿರುವುದು ನನಗೆ ಮೂರು ವಾರದ ಹಿಂದೆ, ಮೊದಲ ತುತ್ತಿಗೇ ಗೊತ್ತಾಗಿತ್ತು. ಹೊಸ ಹುಡುಗಿ ನೊಂದಾಳು ಎಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನೋಯಿಸಬಾರದೆಂಬುದು ಅರ್ಧ. ಇನ್ನರ್ಧ, ಹೇಳಿದರೆ ಬಿಟ್ಟುಬಿಡುತ್ತಾಳೆ ಎಂಬ ಹೆದರಿಕೆ. ಮಾವನಿಗಿದ್ದ ಚಪಲವೇ ನನಗೂ, ಅವರದೇ ಮಾತು, ಕಾಯಿಲೆಯೂ ಅವರದೇ. ನನ್ನ ಮಗ ಇನ್ನು ಹನ್ನೆರಡು ವರ್ಷ ಅವ್ವ ಕದ್ದು ತಿನ್ನುತ್ತಾಳೆ ಎಂದು ಹೇಳಿಕೊಂಡು ತಿರುಗಬೇಕೆ? ಈ ಹುಡುಗಿ ಒಂದು ದಿನ ಯಾವುದೋ ಅಂಕಿಯ ಚೀಟಿ ಹಿಡಿದು ಒಬ್ಬಳೇ ಸಂಕಟಪಡಬೇಕೆ?

“ಶೈಲಾ,” ಎಂದೆ, ಮಗನ ಎದುರಿಗೇ. “ಪಲ್ಯೆಕ್ಕ ಬೆಲ್ಲಾ ಹಾಕೀದಿ. ಸಕ್ರಿ ಏರಾಕತ್ತಿದ್ದು ಅದರಿಂದ ಇರಬೇಕು.”

ಅವಳ ಮುಖ ಸಣ್ಣದಾಯಿತು. “ಹುಳಿ ಮುರ್ಯಾಕ ಚೂರು ಹಾಕಿದ್ದೇರಿ ಅತ್ತಿ. ಮೂರು ವಾರದಿಂದ ತಿನ್ನಾಕತ್ತೀರಿ, ಮದ್ಲ ಯಾಕ ಹೇಳಲಿಲ್ಲ?”

“ರುಚಿ ಆಗಿತ್ತವಾ, ಅದಕ್ಕ.”

ಮಗ ಜೋರಾಗಿ ನಕ್ಕ. ಶೈಲಾ ನಗಲಿಲ್ಲ. ನನ್ನ ಮುಂದಿನ ಪಲ್ಯೆಯನ್ನು ಎತ್ತಿಕೊಂಡು ಹೋಗಿ, ಹಸಿ ಮೆಂತೆಯ ಕಟ್ಟೊಂದನ್ನು ತೊಳೆದು ತಂದಿಟ್ಟಳು. ಎರಡು ದಿನ ನನ್ನ ಜೊತೆ ಲೆಕ್ಕಕ್ಕೆ ಎಷ್ಟು ಬೇಕೋ ಅಷ್ಟೇ ಮಾತು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮತ್ತೆ ಪುಂಡಿ. ಬಡಿಸಿ, ಒಳಗೆ ಹೋಗದೆ, ಎದುರಿಗೇ ನಿಂತಳು.

“ಹುಳಿ ಆಗೇತೇನ್ರಿ?”

ತುತ್ತು ನುಂಗಿದೆ. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಆಗೇತಿ,” ಎಂದೆ. “ಭಾಳ ಹುಳಿ ಆಗೇತಿ. ಇನ್ನೊಂದೀಟು ಪಲ್ಯೆ ಹಾಕು.”